ಬಣ್ಣಕ್ಕೆ ದುಡ್ಡಿದೆ, ಬುನಾದಿಗೆ ಯಾರು ಕೊಡುತ್ತಾರೆ?

‘ಅಕ್ಕಾ, ನಮ್ಮ ಸಾಲಿ ಗ್ವಾಡ್ಯಾಗ ನನ್ನ ಕೈ ಹೋಗತೈತಿ, ನೋಡಾಕ ಬರ್ತೀಯೇನು?’

ಕಳೆದ ವರ್ಷ ಬೇಸಿಗೆ ರಜೆಯಲ್ಲಿ ಚಿಕ್ಕಮ್ಮನ ಮಗ ಹೀಗೆ ಕೇಳಿದಾಗ ನಾನು ನಕ್ಕಿದ್ದೆ. ಆಗಷ್ಟೇ ಐದನೆಯ ತರಗತಿ ಮುಗಿಸಿದ್ದ ಹುಡುಗ, ಏನಾದರೂ ಹೇಳುತ್ತಾನೆ ಅಂದುಕೊಂಡೆ. ಅವರ ಊರು ನಮ್ಮ ವಳಕಮದಿನ್ನಿಯಿಂದ ಹೆಚ್ಚು ದೂರವಿಲ್ಲ. ಊರಿನ ಹೆಸರು, ಶಾಲೆಯ ಹೆಸರು ಇಲ್ಲಿ ಬೇಡ. ಹೇಳಬೇಕಾದ ಮಾತು ಆ ಒಂದು ಶಾಲೆಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ.

ಹೋಗಿ ನೋಡಿದರೆ ಶಾಲೆಯ ಗೋಡೆಯ ಮೇಲೆ ನೀಲಿ ಬಣ್ಣದ ರೈಲು ನಿಂತಿತ್ತು. ಅದರ ಹಿಂದಿನ ವರ್ಷ ಬೆಂಗಳೂರಿನ ಒಂದು ಕಂಪನಿಯ ನೌಕರರು ಬಂದು ಎರಡು ದಿನ ಇದ್ದು ಬಳಿದು ಹೋಗಿದ್ದರು. ಬೋಗಿ, ಕಿಟಕಿ, ಗಾರ್ಡ್ ಕೈಯಲ್ಲಿ ಹಸಿರು ಬಾವುಟ, ಎಲ್ಲ ಚೆಂದ. ಎರಡನೆಯ ಬೋಗಿಯಲ್ಲಿರುವ ನಿಜವಾದ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಚಾವಣಿಯವರೆಗೆ ಹೋಗಿತ್ತು. ಅದರೊಳಗೆ ಅವನ ಕೈ ಬೆರಳುಗಳು ನಿಜಕ್ಕೂ ಹೋದವು. ಕೊಠಡಿಗೆ ಬೀಗ. ಕಟ್ಟಿ ಹತ್ತು ವರ್ಷವೂ ಆಗಿಲ್ಲದ ಕೊಠಡಿ. ಆ ತರಗತಿಯ ಮಕ್ಕಳು ವರಾಂಡದಲ್ಲಿ ಕೂರುತ್ತಾರೆ, ಮಳೆ ಬಂದರೆ ಇನ್ನೊಂದು ತರಗತಿಯ ಜೊತೆ ಸೇರಿಕೊಳ್ಳುತ್ತಾರೆ.

ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಿಟಕಿ ಮೂಲೆಯ ಓರೆ ಬಿರುಕು ನೋಡಿದರೆ ಬುನಾದಿ ಅಲುಗಿದೆ ಎಂದು ಅನುಮಾನಿಸಬೇಕು ಎನ್ನುವಷ್ಟು ಕಲಿತಿದ್ದೇನೆ. ಹೆಡ್‌ಮಾಸ್ತರರ ಅನುಮತಿ ಕೇಳಿ, ಕಟ್ಟಡದ ಪಕ್ಕದಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಅಕ್ಕಿ ಚೀಲದಲ್ಲಿ ಮಣ್ಣು ತುಂಬಿಕೊಂಡು ಬಸ್ ಹತ್ತಿದೆ. ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಹರಿದರು!

ನಮ್ಮ ಕಡೆ ಮಣ್ಣಿಗೆ ಎರಡು ಹೆಸರು, ಎರಿ ಮತ್ತು ಮಸಾರಿ. ಮಸಾರಿ ಕೆಂಪು, ನೀರು ಬಿದ್ದರೆ ಬಸಿದು ಹೋಗುತ್ತದೆ. ಎರಿ ಕಪ್ಪು, ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಗುಣ ಅದು. ಹತ್ತಿಗೂ ಜೋಳಕ್ಕೂ ಒಳ್ಳೆಯದು, ಕಟ್ಟಡಕ್ಕೆ ಅಲ್ಲ. ಒಂದು ವಿಚಿತ್ರವೆಂದರೆ ದೊಡ್ಡ ಕಟ್ಟಡಕ್ಕಿಂತ ಒಂದಂತಸ್ತಿನ ಶಾಲಾ ಕೊಠಡಿಗೇ ಅದರಿಂದ ತೊಂದರೆ ಹೆಚ್ಚು. ಭಾರವಾದ ಕಟ್ಟಡ ಮಣ್ಣನ್ನು ಒತ್ತಿ ಹಿಡಿಯುತ್ತದೆ. ಹಗುರವಾದದ್ದನ್ನು ಮಣ್ಣೇ ಎತ್ತುತ್ತದೆ. ಅಂಚಿನಲ್ಲಿ ಒಂದಿಷ್ಟು, ನಡುವೆ ಇನ್ನೊಂದಿಷ್ಟು ಎತ್ತಿದಾಗ ಗೋಡೆ ಸೀಳುತ್ತದೆ. ಸುತ್ತ ಕಾಲುವೆ ನೀರಿನ ಭತ್ತದ ಗದ್ದೆಗಳಿದ್ದರೆ ಮಣ್ಣು ಒಂದು ಕಾಲದಲ್ಲಿ ತೊಯ್ದು ಇನ್ನೊಂದು ಕಾಲದಲ್ಲಿ ಪೂರ್ತಿ ಒಣಗುವುದು ಪ್ರತಿ ವರ್ಷದ ಕಥೆ.

ಕಾಲೇಜಿನ ಲ್ಯಾಬ್‌ನಲ್ಲಿ ನಾವು ಮೂವರು ಗೆಳತಿಯರು ಮಾಡಿದ್ದು ಅತಿ ಸರಳ ಪರೀಕ್ಷೆ. ಐಎಸ್ 2720ರ 40ನೇ ಭಾಗದಲ್ಲಿ ಅದರ ವಿಧಾನವಿದೆ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆ ಜಾಡಿಗಳಿಗೆ ಹಾಕಬೇಕು. ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. 24 ಗಂಟೆ ಬಿಡಬೇಕು, ಅಷ್ಟೇ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಮರುದಿನ ನೋಡಿದರೆ ಸೀಮೆಎಣ್ಣೆ ಜಾಡಿಯಲ್ಲಿ ಮಣ್ಣು 11 ಮಿಲಿಲೀಟರ್ ಗೆರೆಯಲ್ಲಿತ್ತು, ನೀರಿನದರಲ್ಲಿ 21. ಅಂದರೆ ಶೇ 91ರಷ್ಟು ಉಬ್ಬು. ಶೇ 50 ದಾಟಿದರೆ ಎಚ್ಚರ ಬೇಕು, 100 ದಾಟಿದರೆ ಗಂಭೀರ ಎನ್ನುತ್ತದೆ ಸಂಹಿತೆ. ಈ ಪರೀಕ್ಷೆಗೆ ನಮಗೆ ಖರ್ಚಾದದ್ದು ಬಸ್ ಚಾರ್ಜು ಮತ್ತು ಆ ಲಗೇಜ್ ಟಿಕೆಟ್.

ಹಾಗಾದರೆ ಕಟ್ಟುವ ಮೊದಲು ಇದನ್ನು ಯಾಕೆ ಮಾಡಿರಲಿಲ್ಲ? ಇಲ್ಲಿಂದ ವಿಷಯ ಲ್ಯಾಬ್ ಬಿಟ್ಟು ಹಣಕಾಸಿನ ಕಡೆ ಹೋಗುತ್ತದೆ.

ಸರ್ಕಾರಿ ಶಾಲೆಯ ಆವರಣವನ್ನು ಒಮ್ಮೆ ಗಮನವಿಟ್ಟು ನೋಡಿ. ಒಂದು ಕೊಠಡಿ ಸಮಗ್ರ ಶಿಕ್ಷಣ ಯೋಜನೆಯದು, ಒಂದು ಶಾಸಕರ ನಿಧಿಯದು, ಮತ್ತೊಂದು ನಬಾರ್ಡ್ ಸಾಲದ್ದು, ಇನ್ನೊಂದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯದು. ಕಾಂಪೌಂಡ್ ಉದ್ಯೋಗ ಖಾತ್ರಿಯದು. ಒಂದೊಂದರ ನೆಲಮಟ್ಟವೂ ಬೇರೆ, ಚಾವಣಿಯ ನೀರು ಬೀಳುವ ದಿಕ್ಕೂ ಬೇರೆ. ಹಣ ಬಂದ ಹಾಗೆ ಒಂದೊಂದು ಕೊಠಡಿ ಎದ್ದಿರುತ್ತದೆಯೇ ಹೊರತು ಇಡೀ ಶಾಲೆಗೆ ಒಂದು ನಕ್ಷೆ ಇರುವುದಿಲ್ಲ. ಕೊಠಡಿಗೆ ಇಷ್ಟು ಎಂದು ಘಟಕ ವೆಚ್ಚ ಮೊದಲೇ ನಿಗದಿ. ಲೋಕೋಪಯೋಗಿ ಇಲಾಖೆಯ ದರಪಟ್ಟಿ ದಾಟುವಂತಿಲ್ಲ. ಅದರಲ್ಲಿ ತೆರಿಗೆಯೂ ಸೇರಬೇಕು. ಸರ್ಕಾರಿ ಕಾಮಗಾರಿ ಗುತ್ತಿಗೆಯ ಮೇಲೆ ಶೇ 12 ಇದ್ದ ಜಿಎಸ್‌ಟಿ 2022ರ ಜುಲೈನಲ್ಲಿ ಶೇ 18 ಆಯಿತು. ಕಾರ್ಮಿಕ ಕಲ್ಯಾಣ ಸೆಸ್ ಶೇ 1 ಬೇರೆ. (ಸಿಮೆಂಟ್ ಮೇಲಿನ ಶೇ 28 ಕಳೆದ ಸೆಪ್ಟೆಂಬರ್‌ನಲ್ಲಿ 18ಕ್ಕೆ ಇಳಿದದ್ದು ಸ್ವಲ್ಪ ಸಮಾಧಾನ.) ಹಣ ಕಡಿಮೆ ಬಿದ್ದರೆ ಎಲ್ಲಿ ಕತ್ತರಿ ಹಾಕಬಹುದು? ಕಿಟಕಿ ಕಡಿಮೆ ಮಾಡಿದರೆ ಎಲ್ಲರಿಗೂ ಕಾಣುತ್ತದೆ. ನೆಲದ ಕೆಳಗಿನದು ಯಾರಿಗೂ ಕಾಣುವುದಿಲ್ಲ.

2022ರ ನವೆಂಬರ್ 14ರಂದು ರಾಜ್ಯ ಸರ್ಕಾರ ‘ವಿವೇಕ’ ಯೋಜನೆಗೆ ಚಾಲನೆ ಕೊಟ್ಟಿತು. 7,601 ಹೊಸ ಕೊಠಡಿಗಳು, ನಿಜಕ್ಕೂ ದೊಡ್ಡ ಕೆಲಸ. ಆಗ ನಾನು ಪಿಯುಸಿ. ಟಿ.ವಿ. ಹಾಕಿದರೆ ಆ ಕೊಠಡಿಗಳಿಗೆ ಕೇಸರಿ ಬಣ್ಣ ಹಚ್ಚಬೇಕೇ ಬೇಡವೇ ಎಂಬ ಜಗಳ ದಿನಗಟ್ಟಲೆ ನಡೆದಿತ್ತು. ಅವುಗಳಲ್ಲಿ ಎಷ್ಟು ಕೊಠಡಿ ಎರಿ ಮಣ್ಣಿನ ಮೇಲೆ ಬರುತ್ತವೆ ಎಂದು ಒಬ್ಬರಾದರೂ ಕೇಳಿದ್ದನ್ನು ನಾನು ನೋಡಲಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವೇ. ಈ ವಿಭಾಗದಲ್ಲಿ ಎರಿ ಭೂಮಿ ಎಷ್ಟಿದೆ ಎಂದು ಬೀದರ್‌ನಿಂದ ಸಿಂಧನೂರಿಗೆ ಬಸ್ಸಿನಲ್ಲಿ ಬಂದವರಿಗೆಲ್ಲ ಗೊತ್ತು.

ಸರ್ಕಾರದ ಕೈ ಹೀಗೆ ಕಟ್ಟಿಹೋಗಿರುವ ಜಾಗದಲ್ಲೇ ಕಂಪನಿಗಳ ಹಣ ಉಪಯೋಗಕ್ಕೆ ಬರಬೇಕಿತ್ತು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿವ್ವಳ ಲಾಭ 5 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಸಂಪತ್ತು 500 ಕೋಟಿ ರೂಪಾಯಿ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಈ ಹಣಕ್ಕೆ ಘಟಕ ವೆಚ್ಚದ ಮಿತಿ ಇಲ್ಲ. ಇಲಾಖೆಯ ದರಪಟ್ಟಿಯ ಹಂಗಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕ ಬುನಾದಿ ಹಾಕಿಸುವ ಸ್ವಾತಂತ್ರ್ಯ ಇರುವುದು ಇದಕ್ಕೇ. ಆದರೆ ಅದು ಬರುವುದು ಗೋಡೆಯ ಮೇಲಿನ ರೈಲಾಗಿ.

ಅದೂ ನಮ್ಮ ಕಡೆ ಬಂದರೆ. ಕಂಪನಿ ಇರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದು ಅದೇ ಕಲಂ ಹೇಳುತ್ತದೆ. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಇದೆ, ರಾಮನಗರದ ಕಡೆಯ ಸರ್ಕಾರಿ ಶಾಲೆಗಳಿಗೆ ಕಟ್ಟಡ ಸಿಗುತ್ತದೆ. ನಮ್ಮಲ್ಲಿ ಹೇಳಿಕೊಳ್ಳುವಂಥದ್ದು ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ಶಾಖೋತ್ಪನ್ನ ಕೇಂದ್ರ, ಎರಡೂ ಸರ್ಕಾರದವೇ. ಸಿಂಧನೂರಿನ ಅಕ್ಕಿ ಗಿರಣಿಗಳು ಎಷ್ಟಿದ್ದರೂ ಒಂದೊಂದರ ಲಾಭ ಆ 5 ಕೋಟಿಯ ಗೆರೆ ಮುಟ್ಟುವುದು ಕಷ್ಟ. ಗಣಿಗಾರಿಕೆಯಿಂದ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. 2015ರಲ್ಲಿ ಬಂದ ಅದರ ಮಾರ್ಗಸೂಚಿಯ ಆದ್ಯತೆಯ ಪಟ್ಟಿಯಲ್ಲಿ ಶಿಕ್ಷಣವೂ ಇದೆ. ಹಳ್ಳಿಯ ಎಷ್ಟು ಎಸ್‌ಡಿಎಂಸಿಗಳು ಅದಕ್ಕೆ ಅರ್ಜಿ ಬರೆದಿರಬಹುದು?

ಈ ವರ್ಷ ಜನವರಿಯಲ್ಲಿ ಅದೇ ಕಂಪನಿಯವರು ಮತ್ತೆ ಆ ಶಾಲೆಗೆ ಬಂದರು. ಹೆಡ್‌ಮಾಸ್ತರರು ನನಗೂ ಫೋನ್ ಮಾಡಿ, ‘ಎಸ್‌ಡಿಎಂಸಿ ಸಭೆ ಐತಿ, ನೀನೂ ಬಂದು ಮಾತಾಡವ್ವ’ ಎಂದರು. ಬಂದಿದ್ದ ಅಧಿಕಾರಿ ನನಗಿಂತ ಐದಾರು ವರ್ಷ ದೊಡ್ಡವರಿರಬಹುದು, ಒಳ್ಳೆಯ ಮನುಷ್ಯ. ಈ ಸಲ ಒಳಗೋಡೆಗಳ ಮೇಲೆ ಸೌರಮಂಡಲ ಬರೆಸಿ, ಒಂದು ಸ್ಮಾರ್ಟ್ ಟಿ.ವಿ. ಕೊಡುವ ಯೋಚನೆ ಅವರದು. ನಾನು ಜಾಡಿಗಳ ಫೋಟೊ ತೋರಿಸಿದೆ. ಚರಂಡಿ ಬೇಕು, ಗೋಡೆಯ ಬುಡಕ್ಕೆ ನೀರು ಇಳಿಯದಂತೆ ಸುತ್ತ ಕಾಂಕ್ರೀಟ್ ಹಾಸು ಬೇಕು, ಹೊಸ ಕೊಠಡಿ ಕಟ್ಟುವುದಾದರೆ ಮೊದಲು ಸರಿಯಾದ ಮಣ್ಣು ಪರೀಕ್ಷೆ ಆಗಬೇಕು ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸಂಕೋಚದಿಂದಲೇ ಹೇಳಿದರು: ‘ಮೇಡಂ, ನೆಲದ ಕೆಳಗಿನ ಕೆಲಸದ ಫೋಟೊ ನಾನು ಹೇಗೆ ಕಳಿಸಲಿ? ಅಲ್ಲದೆ ಮಾರ್ಚ್ 31ರೊಳಗೆ ಮುಗಿಯಬೇಕು.’

ಮಾರ್ಚ್ 31ರ ಮಾತಿಗೆ ನನ್ನ ಬಳಿ ಉತ್ತರವಿತ್ತು, ಹಿಂದಿನ ರಾತ್ರಿ ಓದಿಕೊಂಡು ಹೋಗಿದ್ದೆ. 2021ರ ಜನವರಿಯಲ್ಲಿ ತಿದ್ದುಪಡಿಯಾದ ನಿಯಮದಲ್ಲಿ ‘ಮುಂದುವರಿಯುವ ಯೋಜನೆ’ ಎಂಬ ವರ್ಗವಿದೆ. ಆರಂಭದ ವರ್ಷ ಬಿಟ್ಟು ಮುಂದೆ ಮೂರು ವರ್ಷದವರೆಗೆ ಅದನ್ನು ನಡೆಸಬಹುದು. ಖರ್ಚಾಗದ ಹಣವನ್ನು ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿಟ್ಟರೆ ಸಾಕು. ಒಂದು ಮಳೆಗಾಲ ಮಣ್ಣಿನ ವರ್ತನೆ ನೋಡಿ, ಎರಡನೆಯ ವರ್ಷ ಕಟ್ಟಲು ಕಾನೂನಿನ ಅಡ್ಡಿ ಇಲ್ಲ. ಫೋಟೊದ ಮಾತಿಗೆ ಮಾತ್ರ ನನ್ನ ಬಳಿ ಉತ್ತರ ಇರಲಿಲ್ಲ.

ಉತ್ತರ ಕೊಟ್ಟವರು ಎಸ್‌ಡಿಎಂಸಿಯ ಅಧ್ಯಕ್ಷರು. ‘ಸಾಹೇಬ್ರ, ನಾವು ಎರಿಯಾಗ ಮನಿ ಕಟ್ಟೂದಾದ್ರ ಮೊದಲ ಎರಿ ಎತ್ತಿ ಒಗದು ಗರಸು ತುಂಬತೀವಿ. ಗರಸು ಹಾಕೋ ಮುಂದ ಫೋಟೊ ಹೊಡಕೋರಿ, ಮುಚ್ಚಿದ ಮ್ಯಾಲ ಯಾರಿಗೆ ಕಾಣಸತೈತಿ?’ ಎಲ್ಲರೂ ನಕ್ಕರು. ನನಗೆ ನಗುವಿಗಿಂತ ಬೆರಗಾಯಿತು. ಉಬ್ಬುವ ಮಣ್ಣಿನ ಮೇಲೆ ಉಬ್ಬದ ಅಂಟುಮಣ್ಣಿನ ಪದರ ಹಾಕುವ ವಿಧಾನವನ್ನು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರ ಹೆಸರಿನಲ್ಲಿ ನಾವು ಪರೀಕ್ಷೆಗೆ ಬರೆಯುತ್ತೇವೆ. ಅದರ ಲೆಕ್ಕಾಚಾರ ಬೇರೆ ಇರಬಹುದು, ಎಲ್ಲ ಗರಸೂ ಅದಕ್ಕೆ ಆಗುವುದೂ ಇಲ್ಲ. ಆದರೂ ಹೊಲದ ಮನುಷ್ಯನಿಗೆ ಗೊತ್ತಿರುವುದು ಅಂದಾಜುಪಟ್ಟಿಯಲ್ಲಿ ಯಾಕಿಲ್ಲ? ಇನ್ನೊಂದು ದಾರಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ತಳದಲ್ಲಿ ಕೊಡದಂತೆ ಉಬ್ಬಿದ ಪೈಲ್. ತೇವ ಹೆಚ್ಚು ಬದಲಾಗದ ಆಳಕ್ಕೆ, ಸಾಮಾನ್ಯವಾಗಿ ಮೂರೂವರೆ ಮೀಟರ್‌ಗೆ, ಇಳಿದು ಕಟ್ಟಡವನ್ನು ಹಿಡಿದುಕೊಳ್ಳುತ್ತದೆ. ಐಎಸ್ 2911ರ 3ನೇ ಭಾಗದಲ್ಲಿ ದಶಕಗಳಿಂದ ಇದೆ.

ನಮ್ಮ ಹಿರಿಯರು ದಿನ್ನೆ ನೋಡಿ ಊರು ಕಟ್ಟಿದರು, ಅದಕ್ಕೇ ಈ ಸೀಮೆಯಲ್ಲಿ ‘ದಿನ್ನಿ’ ಎಂದು ಮುಗಿಯುವ ಊರುಗಳು ಇಷ್ಟಿವೆ ಎಂದು ನನಗೆ ಅನ್ನಿಸುತ್ತದೆ. ಶಾಲೆಗೆ ಮಾತ್ರ ಉಳಿದ ಜಾಗ.

ಆ ಸಭೆಯಲ್ಲಿ ಇನ್ನೊಂದು ವಿಷಯ ಹೊರಬಂತು. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಂ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆಯನ್ನು ತಯಾರಿಸಬೇಕಾದದ್ದು ಪೋಷಕರ ಸಮಿತಿಯೇ, ಸರ್ಕಾರದ ಅನುದಾನಕ್ಕೆ ಅದೇ ಆಧಾರವಾಗಬೇಕು. ಶಾಲೆಯ ಕಡತದಲ್ಲಿ ಅಂಥದ್ದೊಂದು ಇತ್ತು. ‘2 ಕೊಠಡಿ, ಕಾಂಪೌಂಡ್, ಶೌಚಾಲಯ ಬೇಕು’ ಎಂಬ ಒಂದು ಸಾಲು. ಅದನ್ನೇ ಬಿಡಿಸಿ ಬರೆದೆವು. ಯಾವ ಮೂಲೆ ಎತ್ತರ, ನೀರು ಎತ್ತ ಹರಿಯುತ್ತದೆ, ಯಾವ ಕೊಠಡಿ ಯಾವ ವರ್ಷ ಯಾರ ಹಣದಲ್ಲಿ ಆಯಿತು, ಬಿರುಕು ಎಲ್ಲಿದೆ, ಮೊದಲು ಏನು, ಆಮೇಲೆ ಏನು. ಎರಡು ಪುಟವಾಯಿತು. ಸಮಿತಿಯ ತಾಯಂದಿರು ಹೇಳಿದ್ದರಲ್ಲಿ ಅರ್ಧ ನೀರು ನಿಲ್ಲುವ ಜಾಗಗಳ ಬಗ್ಗೆಯೇ ಇತ್ತು. ಮುಂದೆ ಯಾವ ಕಂಪನಿ ಬಂದರೂ, ಯಾವ ಶಾಸಕರು ಬಂದರೂ ಕೈಗೆ ಕೊಡುವುದು ಆ ಎರಡು ಪುಟ.

ಕಂಪನಿ ಸೌರಮಂಡಲ ಬಿಡಲಿಲ್ಲ. ಆದರೆ ಟಿ.ವಿ. ಬಿಟ್ಟು ಆ ಹಣವನ್ನು ಚರಂಡಿಗೂ ಮಣ್ಣು ಪರೀಕ್ಷೆಗೂ ಕೊಡಲು ಒಪ್ಪಿತು. ಹೊಸ ಕೊಠಡಿಯ ಬಗ್ಗೆ ವರದಿ ಬಂದ ಮೇಲೆ ನೋಡೋಣ ಎಂದಿದ್ದಾರೆ.

ಬಿಇ ಓದುತ್ತಿರುವ ಗೆಳೆಯರಿಗೆ ಒಂದು ಮಾತು. ಪದವಿ ಮುಗಿಸಲು ವಿಟಿಯುದಲ್ಲಿ ನಮಗೆ 100 ಆಕ್ಟಿವಿಟಿ ಪಾಯಿಂಟ್ ಬೇಕು. ಅದಕ್ಕಾಗಿ ಒಂದೇ ಸಸಿಯನ್ನು ನಾಲ್ಕು ಬ್ಯಾಚ್‌ನವರು ನೆಟ್ಟು ಫೋಟೊ ತೆಗೆಸಿಕೊಂಡದ್ದು ನನಗೆ ಗೊತ್ತು (ಸಸಿ ಪಾಪ, ಇನ್ನೂ ಬದುಕಿದೆ). ನಿಮ್ಮ ಊರಿನ ಶಾಲೆಯ ಅಂಗಳದ ಒಂದು ಚೀಲ ಮಣ್ಣು ಲ್ಯಾಬ್‌ಗೆ ತನ್ನಿ. ಎರಡು ಜಾಡಿ, ಒಂದು ದಿನ. ನಮ್ಮ ವರದಿ ಬುನಾದಿ ವಿನ್ಯಾಸಕ್ಕೆ ಸಾಲುವುದಿಲ್ಲ, ಅದಕ್ಕೆ ಅನುಭವಸ್ಥರೇ ಬೇಕು. ಆದರೆ ಪರೀಕ್ಷೆ ಮಾಡಿಸಿ ಎಂದು ಕೇಳಲು ಸಾಕು.

ಕಳೆದ ಜೂನ್‌ನಲ್ಲಿ ಶಾಲೆ ಶುರುವಾದಾಗ ಆ ಬಿರುಕಿಗೆ ಅಡ್ಡಲಾಗಿ ಮೂರು ಕಡೆ ಗಾಜಿನ ಪಟ್ಟಿ ಅಂಟಿಸಿ, ತಾರೀಕು ಬರೆದು ಬಂದಿದ್ದೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಹಳೆಯ ಪದ್ಧತಿ, ಅಗ್ಗದ್ದು. ಬೀಗದ ಕೈ ಹೆಡ್‌ಮಾಸ್ತರರ ಬಳಿ, ದಾಖಲೆ ಪುಸ್ತಕ ನನ್ನ ತಮ್ಮನ ಬಳಿ. ಮೂರೂ ಆಗಸ್ಟ್‌ನ ಮಳೆಯಲ್ಲೇ ಒಡೆದವು. ಫೆಬ್ರುವರಿಯಲ್ಲಿ ಹೊಸ ಗಾಜು ಅಂಟಿಸಿದ್ದೇವೆ. ಹೋದ ಭಾನುವಾರ ಅವನ ಫೋನು ಬಂತು: ‘ಅಕ್ಕಾ, ಕಿಟಕಿ ಕಡೇದು ಒಡದೈತಿ. ಉಳಿದೆರಡು ಹಂಗೇ ಅದಾವು. ಪುಸ್ತಕದಾಗ ಬರದೀನಿ.’