ಮಾಟ-ಮಂತ್ರ, ಸಿಂಹಾಸನ ಮತ್ತು ನಮ್ಮ ವಿಜಯಪುರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಇಯರ್‌ಫೋನ್ ಹಾಕ್ಕೊಂಡು ಕೇಳಾಕತ್ತಿರೋ ಎಲ್ಲರಿಗೂ ಇವತ್ತೊಂದು ಪ್ರಶ್ನೆ. ಹುಡುಗ-ಹುಡುಗಿಯರು ಮುಗಿಬಿದ್ದು ಓದೋ ಫ್ಯಾಂಟಸಿ ಕಾದಂಬರಿಗಳಲ್ಲಿ ರಾಜ ಮಂತ್ರವಿದ್ಯೆಯನ್ನ ಯಾಕ ನಿಷೇಧಿಸ್ತಾನ?

ಕತಿ ನಿಮಗ ಗೊತ್ತೈತಿ. ಊರಾಗ ಮಂತ್ರ ಹಾಕಿದವರಿಗೆ ಸೆರೆಮನೆ. ಅರಮನೆ ಒಳಗ ಮಾತ್ರ ಅದೇ ಮಂತ್ರ ನಡೀತಿರುತ್ತೆ. ಬಿ.ಕಾಂ. ಓದಿದ ನನಗೆ ಇದು ಮೊನಾಪಲಿ ಅನ್ನಿಸುತ್ತೆ. ಮಾಲು ಕೆಟ್ಟದ್ದು ಅಂತ ಅಲ್ಲ, ಬೇರೆಯವರ ಕೈಗೆ ಸಿಗಬಾರದು ಅಂತ ನಿಷೇಧ.

ಇಂಥ ಅರಮನೆ ನಮ್ಮಲ್ಲೇ ಇತ್ತು. ಒಂದನೇ ಅಲಿ ಆದಿಲ್ ಶಾಹ 1558ರಿಂದ 1580ರವರೆಗೆ ವಿಜಯಪುರ ಆಳಿದ. 1565ರ ತಾಳಿಕೋಟೆ ಯುದ್ಧ ಗೆದ್ದವರಲ್ಲಿ ಇವನೂ ಒಬ್ಬ. ಅದಾಗಿ ಐದು ವರ್ಷಕ್ಕೆ, 1570ರಲ್ಲಿ, ಇವನ ಆಸ್ಥಾನದಲ್ಲಿ ಒಂದು ಪಾರ್ಸಿ ಗ್ರಂಥ ಸಿದ್ಧವಾಯ್ತು: 'ನುಜೂಮ್-ಉಲ್-ಉಲೂಮ್', ಅಂದ್ರೆ ವಿದ್ಯೆಗಳ ನಕ್ಷತ್ರಗಳು. ಬರೆದವನು ಸುಲ್ತಾನನೇ ಅಂತ ಹೇಳೋ ವಿದ್ವಾಂಸರೂ ಇದ್ದಾರೆ. ಗ್ರಹ-ನಕ್ಷತ್ರ, ತಾಯಿತ-ಯಂತ್ರ, ಆನೆ, ಕುದುರೆ, ಆಯುಧ ಎಲ್ಲ ಅದರಾಗ ಐತಿ. 'ರೂಹಾನಿ' ಅನ್ನೋ ಸ್ತ್ರೀಶಕ್ತಿಗಳ ಬಣ್ಣದ ಚಿತ್ರಗಳಿವೆ. ಏಳು ಅಂತಸ್ತಿನ ಸಿಂಹಾಸನದ ಚಿತ್ರವೂ ಇದೆ. ಗ್ರಂಥ ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿ, ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ.

ಗಮನಿಸ್ರಿ, ಅರಮನೆಯಲ್ಲಿ ಇದಕ್ಕೆ ವಿದ್ಯೆ ಅನ್ನೋ ಮರ್ಯಾದೆ. ಯುದ್ಧ ಗೆಲ್ಲೋದು, ರಾಜ್ಯ ಉಳಿಸೋದು, ಎಲ್ಲ ಲಾಭ ಸಿಂಹಾಸನದ ಖಾತೆಗೆ.

ಈಗ ನಮ್ಮ ಕಾಲದ ನಿಷೇಧ ನೋಡೋಣ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯೋಕೆ ಕರ್ನಾಟಕದಲ್ಲಿ 2017ರ ಕಾಯ್ದೆ ಇದೆ, 2020ರಲ್ಲಿ ಜಾರಿಗೆ ಬಂತು. ಜ್ಯೋತಿಷ್ಯ ಹೇಳೋದು, ವಾಸ್ತು ಸಲಹೆ ಕೊಡೋದು ಇದರಡಿ ಅಪರಾಧ ಅಲ್ಲ. ನಿಧಿ ಆಸೆಗೆ ವಾಮಾಚಾರ ಮಾಡೋದು, ದೆವ್ವ ಬಿಡಿಸ್ತೀನಿ ಅಂತ ಹಗ್ಗ-ಸರಪಳಿಯಿಂದ ಕಟ್ಟಿ ಹೊಡೆಯೋದು ಅಪರಾಧ. ಒಂದರಿಂದ ಏಳು ವರ್ಷ ಜೈಲು, ಜೊತೆಗೆ ದಂಡ.

ವ್ಯತ್ಯಾಸ ಇಲ್ಲೇ ಐತಿ. ಕಾದಂಬರಿಯ ನಿಷೇಧ ಸಿಂಹಾಸನ ಕಾಯುತ್ತೆ. ಈ ಕಾಯ್ದೆ ಕಾಯಬೇಕಾದದ್ದು ಏಟು ತಿನ್ನೋ ಮೈಯನ್ನ. ಅದು ಬಹಳ ಸಲ ಮನಸ್ಸಿಗೆ ಹುಷಾರಿಲ್ಲದ ಹೆಣ್ಣುಮಗಳ ಮೈ. ಅವಳಿಗೆ ಬೇಕಿರೋದು ಡಾಕ್ಟರ್, ಸರಪಳಿ ಅಲ್ಲ.

ಅದಕ್ಕ, ಮುಂದಿನ ಸಲ ಫ್ಯಾಂಟಸಿ ಓದುವಾಗ, ಇಲ್ಲಾ ನೀವೇ ಬರೆಯುವಾಗ, ಮಂತ್ರ ನಿಜವೋ ಸುಳ್ಳೋ ಅನ್ನೋದಷ್ಟೇ ಸಾಲದು. ನಿಷೇಧದಿಂದ ಉಳಿಯೋರು ಯಾರು ಅಂತಲೂ ಕೇಳ್ರಿ. ನಿಮ್ಮ ಹೊಲದಾಗ ನಿಧಿ ಐತಿ, ಪೂಜೆಗೆ ಬಲಿ ಬೇಕು ಅಂತ ಯಾರರ ಬಂದ್ರೆ? ಕತಿ ಅಲ್ಲಿಗೇ ನಿಲ್ಲಿಸಿ, ಪೊಲೀಸರಿಗೆ ಫೋನ್ ಹಚ್ರಿ.