ಮೀನು ಎಲ್ಲಿದೆ? ಸದ್ದು ಹೇಳುತ್ತದೆ!

ಮಕ್ಕಳೇ, ಬಾವಿಗೆ ಬಗ್ಗಿ 'ಕೂ' ಎಂದರೆ ಮಾರ್ದನಿ ಕೇಳುತ್ತದೆ ಅಲ್ಲವೇ? ಅಮೆರಿಕದ ಸರೋವರಗಳಲ್ಲಿ ಬಾಸ್ ಎಂಬ ಮೀನು ಹಿಡಿಯುವವರಿಗೂ ಮಾರ್ದನಿಯೇ ನೆರವಾಗುತ್ತದೆ. ದೋಣಿಯಲ್ಲಿರುವ ಸೋನಾರ್ ಉಪಕರಣವು ನಮ್ಮ ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ನೀರಿನೊಳಕ್ಕೆ ಕಳುಹಿಸುತ್ತದೆ. ಅವು ಮೀನಿನ ದೇಹದೊಳಗಿನ ಗಾಳಿಚೀಲಕ್ಕೆ ಬಡಿದು ಮರಳುತ್ತವೆ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ಹೋಗಿಬರಲು 0.01 ಸೆಕೆಂಡ್ ಹಿಡಿದರೆ ಒಟ್ಟು ದೂರ 15 ಮೀಟರ್. ಮೀನಿರುವ ಆಳ ಅದರ ಅರ್ಧ, ಅಂದರೆ ಏಳೂವರೆ ಮೀಟರ್!

ಆದರೆ ಆ ಮೀನು ಏನನ್ನು ಕಚ್ಚುತ್ತದೆ ಎಂದು ಯಂತ್ರ ಹೇಳದು. ಅದಕ್ಕಾಗಿ ಬಗೆಬಗೆಯ ಕೃತಕ ಎರೆಗಳನ್ನು ಬಳಸಿ ನೋಡುತ್ತಾರೆ: ಮೇಲೆ ತೇಲುವ ರಬ್ಬರ್ ಕಪ್ಪೆ, ನಡುನೀರಿನಲ್ಲಿ ಈಜುವ ಆಟಿಕೆ ಮೀನು, ತಳಕ್ಕಿಳಿಯುವ ಪ್ಲಾಸ್ಟಿಕ್ ಹುಳು.

ಮೀನು 15 ಮೀಟರ್ ಆಳದಲ್ಲಿದ್ದರೆ ಮಾರ್ದನಿಗೆ ಎಷ್ಟು ಸಮಯ ಬೇಕು? ನೀವೇ ಲೆಕ್ಕ ಹಾಕಿ.