ಪೇಟೆ ನೋಡಿ ಮಾರಬೇಡಿ, ಕ್ಯಾಲೆಂಡರ್ ನೋಡಿ

2024ರ ಜೂನ್ 4, ಮಂಗಳವಾರ. ಲೋಕಸಭೆ ಚುನಾವಣೆಯ ಮತ ಎಣಿಕೆ ಮುಂದುವರಿದಂತೆ ಷೇರುಪೇಟೆ ಕುಸಿಯತೊಡಗಿತು. ಹಿಂದಿನ ದಿನ 2,507 ಅಂಶ ಜಿಗಿದು 76,468ಕ್ಕೆ ಏರಿದ್ದ ಸೆನ್ಸೆಕ್ಸ್ ಅಂದು 4,389 ಅಂಶ ಕಳೆದುಕೊಂಡು 72,079ರಲ್ಲಿ ಮುಗಿಯಿತು.

ಅಂದು ಗಾಬರಿಬಿದ್ದು ಈಕ್ವಿಟಿ ಮ್ಯೂಚುವಲ್ ಫಂಡ್ ಮಾರಿದವರಿಗೆ ಏನು ಸಿಕ್ಕಿತು? ಷೇರಿನಂತೆ ಫಂಡಿನ ಯೂನಿಟ್‌ಗೆ ಆ ಕ್ಷಣದ ಬೆಲೆ ಇರುವುದಿಲ್ಲ. ಮಧ್ಯಾಹ್ನ 3 ಗಂಟೆಯೊಳಗೆ ಕೋರಿಕೆ ಸಲ್ಲಿಸಿದರೆ ಅಂದಿನ ಎನ್‌ಎವಿ, ಅಂದರೆ ಯೂನಿಟ್‌ನ ಆ ದಿನದ ಬೆಲೆ. ತಡವಾದರೆ ಮುಂದಿನ ವಹಿವಾಟು ದಿನದ್ದು. ಆ ಎನ್‌ಎವಿ ಲೆಕ್ಕವಾಗುವುದೇ ಪೇಟೆ ಮುಚ್ಚಿದ ಮೇಲೆ. ಹಣ ಖಾತೆಗೆ ಬರಲು ಸಾಮಾನ್ಯವಾಗಿ ಇನ್ನೆರಡು ಕೆಲಸದ ದಿನ ಬೇಕು. ಗುರುವಾರ ಹಣ ಕೈಸೇರುವಷ್ಟರಲ್ಲಿ ಸೆನ್ಸೆಕ್ಸ್ 75,000 ದಾಟಿತ್ತು. ಶುಕ್ರವಾರ 76,693ಕ್ಕೇರಿ, ಬೀಳುವ ಮುಂಚಿನ ಮಟ್ಟವನ್ನೂ ಮೀರಿತು.

ಎಲ್ಲ ಕುಸಿತವೂ ಇಷ್ಟು ಬೇಗ ಸರಿಹೋಗುವುದಿಲ್ಲ. 2020ರ ಮಾರ್ಚ್ 23ರಂದು 25,981ಕ್ಕೆ ಇಳಿದ ಸೆನ್ಸೆಕ್ಸ್ ಜನವರಿಯ ಎತ್ತರಕ್ಕೆ ಮರಳಿದ್ದು ನವೆಂಬರ್‌ನಲ್ಲಿ. ಯಾವುದು ಮೂರು ದಿನದ್ದು, ಯಾವುದು ಎಂಟು ತಿಂಗಳದ್ದು ಎಂದು ಬೀಳುವ ದಿನವೇ ಹೇಳಬಲ್ಲವರಿಲ್ಲ. ಮಾರಿ ಹೊರಬಂದವರು ಮತ್ತೆ ಯಾವಾಗ ಕೊಳ್ಳಬೇಕೆಂಬುದನ್ನೂ ಸರಿಯಾಗಿ ಊಹಿಸಬೇಕು. ಈ ಎರಡನೆಯ ಊಹೆಯಲ್ಲೇ ಹೆಚ್ಚಿನವರು ಸೋಲುತ್ತಾರೆ.

ಗೊತ್ತಿರುವ ದಿನಾಂಕಗಳು

ಪೇಟೆ ನಮ್ಮ ಊಹೆಗೆ ಸಿಗದಿದ್ದರೂ ಕೆಲವು ದಿನಾಂಕಗಳು ಮೊದಲೇ ಗೊತ್ತಿರುತ್ತವೆ. ಈಕ್ವಿಟಿ ಫಂಡ್ ಕೊಂಡು 12 ತಿಂಗಳೊಳಗೆ ಮಾರಿದರೆ ಲಾಭಕ್ಕೆ ಶೇ 20 ತೆರಿಗೆ. 12 ತಿಂಗಳು ದಾಟಿದರೆ, ಒಂದು ಹಣಕಾಸು ವರ್ಷದ ಮೊದಲ ₹1.25 ಲಕ್ಷ ಲಾಭಕ್ಕೆ ತೆರಿಗೆಯಿಲ್ಲ. ಉಳಿದದ್ದಕ್ಕೆ ಶೇ 12.5. ಈ ದರಗಳು 2024ರ ಜುಲೈ 23ರಿಂದ ಜಾರಿಗೆ ಬಂದವು. ಹನ್ನೊಂದನೇ ತಿಂಗಳಲ್ಲಿ ₹1 ಲಕ್ಷ ಲಾಭಕ್ಕೆ ಮಾರಿದರೆ ₹20,000 ತೆರಿಗೆ (ಸೆಸ್ ಬೇರೆ). ಸ್ವಲ್ಪ ಕಾದು ಹದಿಮೂರನೇ ತಿಂಗಳಲ್ಲಿ ಅಷ್ಟೇ ಲಾಭಕ್ಕೆ ಮಾರಿದರೆ, ಆ ವರ್ಷ ಇಂಥ ಬೇರೆ ಲಾಭ ಇಲ್ಲದಿದ್ದಲ್ಲಿ, ತೆರಿಗೆಯೇ ಇಲ್ಲ. ಅನೇಕ ಫಂಡ್‌ಗಳು ವರ್ಷದೊಳಗೆ ಹಿಂಪಡೆದರೆ ಶೇ 1 ಎಕ್ಸಿಟ್ ಲೋಡ್ ಕೂಡ ಹಿಡಿಯುತ್ತವೆ. ನಿಯತವಾಗಿ ಕಂತು ಕಟ್ಟುವ ಎಸ್‌ಐಪಿಯಲ್ಲಿ ಪ್ರತಿ ಕಂತಿನ ವಯಸ್ಸೂ ಬೇರೆ ಬೇರೆ ಎಂಬುದು ನೆನಪಿರಲಿ.

ಕೊಳ್ಳುವಾಗಲೂ ಗಮನಿಸಬೇಕಾದದ್ದಿದೆ. 2021ರ ಫೆಬ್ರುವರಿ 1ರಿಂದ, ನಿಮ್ಮ ಹಣ ಫಂಡಿನ ಖಾತೆಗೆ ತಲುಪಿದ ದಿನದ ಎನ್‌ಎವಿಯೇ ನಿಮಗೆ ಅನ್ವಯ. ಪೇಟೆ ಬಿದ್ದ ದಿನ ಗುಂಡಿ ಒತ್ತಿದ ಮಾತ್ರಕ್ಕೆ ಅಂದಿನ ಬೆಲೆ ಸಿಗುತ್ತದೆಂಬ ಖಾತರಿಯಿಲ್ಲ. ಸಂಬಳ ಬಂದ ಮರುದಿನಕ್ಕೆ ಎಸ್‌ಐಪಿ ಇಟ್ಟು ಸುಮ್ಮನಿರುವುದು ಇದಕ್ಕಿಂತ ಮೇಲು.

ಮಾರಲು ಸರಿಯಾದ ಕಾರಣ ಒಂದೇ, ಹಣದ ಅಗತ್ಯ. ಎರಡು ವರ್ಷದಲ್ಲಿ ಮಗಳ ಕಾಲೇಜು ಶುಲ್ಕ ಕಟ್ಟಬೇಕಿದ್ದರೆ, ಅಷ್ಟು ಮೊತ್ತವನ್ನು ಈಗಿನಿಂದಲೇ ಎಸ್‌ಟಿಪಿ (ಫಂಡಿನಿಂದ ಫಂಡಿಗೆ ನಿಯತ ವರ್ಗಾವಣೆ) ಮೂಲಕ ಕಂತುಕಂತಾಗಿ, ಏರಿಳಿತ ಕಡಿಮೆಯಿರುವ ಲಿಕ್ವಿಡ್ ಫಂಡಿಗೆ ವರ್ಗಾಯಿಸಿ. ಪ್ರತಿ ವರ್ಗಾವಣೆಯೂ ತೆರಿಗೆಯ ಲೆಕ್ಕದಲ್ಲಿ ಮಾರಾಟವೇ. ಆದ್ದರಿಂದ ಎರಡು ಹಣಕಾಸು ವರ್ಷಗಳಿಗೆ ಹಂಚಿದರೆ ₹1.25 ಲಕ್ಷದ ವಿನಾಯಿತಿ ಎರಡು ಬಾರಿ ಸಿಗುತ್ತದೆ. ಶುಲ್ಕ ಕಟ್ಟುವ ದಿನ ಸೆನ್ಸೆಕ್ಸ್ ಎಲ್ಲಿದ್ದರೂ ಮಗಳ ಸೀಟಿಗೆ ತೊಂದರೆಯಾಗುವುದಿಲ್ಲ.